ಟ್ರಿಪ್ ಆದರೆ ಮೊದಲು ಗೇಜ್ ಹಾಕಿ

ಬಳ್ಳಾರಿ ಬೇಸಿಗೆಯಲ್ಲಿ ಕೋಲ್ಡ್ ರೂಮ್ ಮಾಲೀಕರು ಮೆಕ್ಯಾನಿಕ್ ಆದ ನನಗೆ ಮಾಡುವ ಫೋನು ಒಂದೇ ತರಹದ್ದು. “ಮಧ್ಯಾಹ್ನ ಆದ್ರೆ ಸಾಕು, ಟ್ರಿಪ್ ಆಗ್ತದ್ರೀ. ಆ ಸ್ವಿಚ್ ತೆಗೆದು ಡೈರೆಕ್ಟ್ ಕೊಟ್ಬಿಡ್ರಿ.” ನಾನು ಕೊಡುವುದಿಲ್ಲ. ಅದು ಪ್ರೆಶರ್ ಸ್ವಿಚ್, ಗ್ಯಾಸಿನ ಒತ್ತಡ ಮಿತಿ ದಾಟಿದರೆ ಮಷಿನ್ ನಿಲ್ಲಿಸುವಂಥದ್ದು. ಸುಮ್ನೆ ಟ್ರಿಪ್ ಆಗುತ್ತಿದೆಯೋ, ನಿಜವಾಗಿಯೂ ಪ್ರೆಶರ್ ಏರಿದೆಯೋ, ಅದು ಗೊತ್ತಾಗಬೇಕಲ್ವಾ?

ಏಪ್ರಿಲ್‌ನಲ್ಲಿ ಒಬ್ಬ ಹಣ್ಣಿನ ವ್ಯಾಪಾರಿ ಕರೆದಿದ್ದರು. ಆರ್-404ಎ ಗ್ಯಾಸಿನ ಮಷಿನ್. ಹೈ ಪ್ರೆಶರ್ ಕಟೌಟಿನ, ಅಂದರೆ ಒತ್ತಡ ಜಾಸ್ತಿಯಾದರೆ ನಿಲ್ಲಿಸುವ ಸ್ವಿಚ್ಚಿನ, ಸೆಟ್ಟಿಂಗ್ ಮುಳ್ಳು 28 ಬಾರ್ ಮೇಲೆ ನಿಂತಿತ್ತು, ಅಂದರೆ ಸುಮಾರು 400 ಪಿಎಸ್‌ಐ. ಆ ಸ್ಕೇಲು ಬರೀ ಅಂದಾಜು. ನಾನು ನಂಬುವುದು ಗೇಜನ್ನು.

ಕಂಪ್ರೆಸರಿನಿಂದ ಗ್ಯಾಸ್ ಹೊರಬರುವ ಡಿಸ್ಚಾರ್ಜ್ ಕಡೆ ಗೇಜ್ ಹಾಕಿ ಮಷಿನ್ ಓಡಿಸಿದೆ. ಅಲ್ಲೇ ಬಿದ್ದಿದ್ದ ಸೇಬಿನ ಪೆಟ್ಟಿಗೆಯ ರಟ್ಟನ್ನು, ಗ್ಯಾಸ್ ತಣಿದು ದ್ರವವಾಗುವ ಕಂಡೆನ್ಸರ್ ಮುಂದೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಪ್ರೆಶರ್ ಏರಲೆಂದು ಗಾಳಿ ಕಡಿಮೆ ಮಾಡಿದೆ. 320 ಪಿಎಸ್‌ಐ ಬಂದರೆ ಗ್ಯಾಸ್ ಸುಮಾರು 50 ಡಿಗ್ರಿಯಲ್ಲಿ ದ್ರವವಾಗುತ್ತಿದೆ ಎಂದರ್ಥ. 350 ದಾಟಿದ ಮೇಲೆ ರಟ್ಟನ್ನು ಬೆರಳಗಲ ಬೆರಳಗಲ ಸರಿಸಬೇಕು, ಇನ್ನೊಂದು ಕೈ ಆಫ್ ಸ್ವಿಚ್ ಮೇಲೇ ಇರಬೇಕು. 400 ದಾಟಿಯೂ ಸ್ವಿಚ್ ಬೀಳದಿದ್ದರೆ ನಾವೇ ಆಫ್ ಮಾಡಬೇಕು. ‘ಇನ್ನೊಂದು ಚೂರು ನೋಡೋಣ’ ಅನ್ನೋದೇ ಬೇಡ. ಡಿಸ್ಚಾರ್ಜ್ ವಾಲ್ವ್ ಮುಚ್ಚಿ ಪ್ರೆಶರ್ ಏರಿಸುವವರೂ ಇದ್ದಾರೆ. ಅದಂತೂ ಬೇಡವೇ ಬೇಡ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೈಮೀರಿ ಹೋಗುತ್ತದೆ.

395ಕ್ಕೆ ಟಕ್ ಅಂತ ಬಿತ್ತು. ತಕ್ಷಣ ರಿಸೆಟ್ ಒತ್ತಿದರೆ ಹಿಡಿಯಲಿಲ್ಲ, ಪ್ರೆಶರ್ ಇಳಿದ ಮೇಲೆ ಹಿಡಿಯಿತು. ಹಾಗೇ ಆಗಬೇಕು. ಸ್ವಿಚ್ ಸರಿಯಾಗಿತ್ತು. ತಪ್ಪು ಇದ್ದದ್ದು ಕಂಡೆನ್ಸರಿನಲ್ಲಿ: ಅದಿರು ಲಾರಿಗಳ ಕೆಂಪು ಧೂಳು ಫಿನ್ನುಗಳ ನಡುವೆ ಗಟ್ಟಿಯಾಗಿ ಕೂತಿತ್ತು. ಹಿಂದಿನಿಂದ ನೀರು ಬಿಟ್ಟಾಗ ಕೆಂಪು ರಾಡಿ ಹರಿಯಿತು. “ಸೆಟ್ಟಿಂಗ್ ಸ್ವಲ್ಪ ಜಾಸ್ತಿ ಮಾಡ್ರಿ” ಅನ್ನುತ್ತಿದ್ದ ಮಾಲೀಕರು ಆಮೇಲೆ ಆ ಮಾತೆತ್ತಲಿಲ್ಲ.

ಒತ್ತಡ ತೀರಾ ಇಳಿದರೆ ನಿಲ್ಲಿಸುವ ಲೋ ಪ್ರೆಶರ್ ಸ್ವಿಚ್ಚನ್ನು ನೋಡುವುದು ಸುಲಭ. ದ್ರವ ತುಂಬುವ ರಿಸೀವರ್ ಟ್ಯಾಂಕಿನ ವಾಲ್ವ್ ಮೆಲ್ಲಗೆ ಮುಚ್ಚಿದರೆ ಸಕ್ಷನ್, ಅಂದರೆ ಕಂಪ್ರೆಸರ್ ಎಳೆದುಕೊಳ್ಳುವ ಕಡೆಯ ಪ್ರೆಶರ್, ಇಳಿದು ಕಟ್ ಆಗುತ್ತದೆ, ತೆರೆದರೆ ತಾನೇ ಶುರುವಾಗುತ್ತದೆ. ನಾವು ಜಾಸ್ತಿ ಬಳಸುವ ಸ್ವಿಚ್ಚುಗಳಲ್ಲಿ ಲೋ ಕಡೆಯ ದೊಡ್ಡ ಸ್ಕೇಲು ತೋರಿಸುವುದು ಮತ್ತೆ ಶುರುವಾಗುವ ಪ್ರೆಶರ್. ಅದರಲ್ಲಿ ಡಿಫರೆನ್ಶಿಯಲ್, ಅಂದರೆ ಶುರುವಾಗುವ ಮತ್ತು ನಿಲ್ಲುವ ಪ್ರೆಶರಿನ ಅಂತರ, ಕಳೆದರೆ ನಿಲ್ಲುವ ಪ್ರೆಶರ್ ಸಿಗುತ್ತದೆ. ಹೊಸ ಹುಡುಗರು ಎಡವುವುದು ಇಲ್ಲೇ.

ಸ್ವಿಚ್ ಬಿಚ್ಚಿ ಟೇಬಲ್ ಮೇಲೆ ನೋಡುವುದಾದರೆ ರೆಗ್ಯುಲೇಟರ್ ಹಾಕಿದ ನೈಟ್ರೋಜನ್ ಮಾತ್ರ ಬಳಸಿ. ಆಕ್ಸಿಜನ್ ಮುಟ್ಟಲೇಬೇಡಿ, ಎಣ್ಣೆ ಸೇರಿದರೆ ಸಿಡಿಯುತ್ತದೆ. ಸ್ವಿಚ್ಚಿಗೆ ಪ್ರೆಶರ್ ತರುವ ಸಣ್ಣ ಕೊಳವೆ, ಕ್ಯಾಪಿಲರಿ, ಬೇರೆ ಪೈಪಿಗೆ ಉಜ್ಜುತ್ತಿದೆಯಾ ಅಂತಲೂ ನೋಡಿ. ಇಲ್ಲಿ ಉಜ್ಜುತ್ತಿತ್ತು, ಕ್ಲಿಪ್ ಹಾಕಿದೆ. 395 ಅಂತ ಪ್ಯಾನೆಲ್ ಬಾಗಿಲ ಒಳಗೆ ತಾರೀಕಿನ ಜೊತೆ ಮಾರ್ಕರಿನಲ್ಲಿ ಬರೆದೆ.