ಎಣ್ಣೆ-ಸೀಗೆಕಾಯಿ ಅಂದಿದ್ದರು: ಕೊಲ್ಹಾಪುರಿಗೆ ರಬ್ಬರ್ ಹಚ್ಚಿದ ನನ್ನ ಅನುಭವ

ಮೊನ್ನೆ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿ ರಿಪೇರಿಗೆ ಬಂತು. ಪಕ್ಕದ ಕಿವಿ ಹರಿದಿತ್ತು, ಅಷ್ಟೇ. ಅಭ್ಯಾಸಬಲದಿಂದ ತಿರುಗಿಸಿ ಅಟ್ಟೆ, ಅಂದರೆ ಅಡಿಭಾಗ, ನೋಡಿದೆ. ನಾನೇ ಹಚ್ಚಿದ ರಬ್ಬರ್, ಹದಿನಾಲ್ಕು ತಿಂಗಳು ತುಳಿದದ್ದು. ಹಿಮ್ಮಡದ ಹೊರಮೂಲೆ ಸವೆದಿತ್ತು. ಆದರೆ ಅಂಚು ಎಲ್ಲೂ ಎದ್ದಿರಲಿಲ್ಲ. ಉಗುರು ಹಾಕಿ ನೋಡಿದೆ, ಏಳಲಿಲ್ಲ. ತೊಗಲು ಕೊಯ್ಯುವ ರಂಪಿಗೆಯ ತುದಿ ಹಾಕಿ ಎಳೆದೆ. ಅಂಟು ಬಿಡಲಿಲ್ಲ, ತೊಗಲಿನ ನಾರೇ ಕಿತ್ತು ಬಂತು. ಇನ್ನು ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಶುರು ಮಾಡಿದಾಗ ನಮ್ಮ ಅಥಣಿಯ ಓಣಿಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ನಮ್ಮ ಕಾಕಾ ನಲವತ್ತು ವರ್ಷದಿಂದ ಅಟ್ಟೆ ಕೊಯ್ಯುವವರು. "ತೊಗಲಿಗೂ ರಬ್ಬರಿಗೂ ಎಣ್ಣಿ-ಸೀಗಿಕಾಯಿ ಸಂಬಂಧ ತಮ್ಮಾ. ಒಂದಕ್ಕೊಂದು ಕೂಡೂದಿಲ್ಲ. ಸುಮ್ನ ರೊಕ್ಕ ಹಾಳ ಮಾಡಬ್ಯಾಡ" ಅಂದರು. ರೊಕ್ಕ ಹಾಳಾಯಿತು, ಅದು ನಿಜ. ಆದರೆ ಎಣ್ಣೆ ಅಂದರಲ್ಲ, ಉತ್ತರ ಆ ಮಾತಿನಲ್ಲೇ ಇತ್ತು. ಅದು ನನ್ನ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು.

ರಬ್ಬರ್ ಯಾಕೆ ಬೇಕು ಅಂತ ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಮಣ್ಣಿನ ಮೇಲೆ, ಡಾಂಬರಿನ ಮೇಲೆ ತೊಗಲಿನ ಅಟ್ಟೆ ಚೆನ್ನಾಗಿ ಹಿಡಿಯುತ್ತದೆ. ಬೆಂಗಳೂರಿನ ಟೈಲ್ಸ್ ಮೇಲೆ, ಒದ್ದೆ ಗ್ರಾನೈಟ್ ಮೆಟ್ಟಿಲ ಮೇಲೆ ಅದೇ ಅಟ್ಟೆ ಸಾಬೂನು. ಒಬ್ಬ ಗಿರಾಕಿ ಅಪಾರ್ಟ್‌ಮೆಂಟಿನ ಲಿಫ್ಟ್ ಮುಂದೆ ಜಾರಿ ಮೊಣಕೈ ಊದಿಸಿಕೊಂಡು ನನಗೆ ಫೋನ್ ಮಾಡಿದರು. ಬೈಯಲಿಲ್ಲ, ಪಾಪ. "ನಿಮ್ಮ ಚಪ್ಪಲಿ ಚೆಂದ ಇದೆ, ಆದರೆ ಇನ್ನು ಗೂಟಕ್ಕೆ ನೇತುಹಾಕಬೇಕು ಅಷ್ಟೇ" ಅಂದರು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಮಳೆಗಾಲದ ಕಥೆ ಬೇರೆ. ಜೂನ್ ಬಂತೆಂದರೆ ನಮ್ಮ ಗಲ್ಲಾ ಪೆಟ್ಟಿಗೆ ಗಣಪತಿ ಹಬ್ಬದವರೆಗೆ ಮಲಗುತ್ತದೆ, ಅಲ್ವಾ?

ಮೊದಲ ಸಲ ಮಾಡಿದ್ದು ಎಲ್ಲರೂ ಮಾಡುವುದನ್ನೇ. 4 ಎಂಎಂ ಮೈಕ್ರೋ ಶೀಟ್ (ಹಗುರ, ಮೆತ್ತನೆ ರಬ್ಬರ್ ಹಾಳೆ) ತಂದೆ, ಇಡೀ ಅಟ್ಟೆಯ ಅಳತೆಗೆ ಕೊಯ್ದೆ, ಹಳದಿ ಎಸ್‌ಆರ್ ಸೊಲ್ಯೂಷನ್ ಅನ್ನುವ ಅಂಟು ಬಳಿದು ಒತ್ತಿದೆ. 40 ಜೊತೆ. ನೋಡಲು ಅಂಗಡಿ ಮಾಲಿನ ಹಾಗೇ ಇತ್ತು. ಹದಿನೈದು-ಇಪ್ಪತ್ತು ದಿನಕ್ಕೆ ಫೋನು ಶುರು. ಎಲ್ಲರದ್ದೂ ಹೆಬ್ಬೆರಳ ಮುಂದೆಯೇ ಬಾಯಿ ತೆರೆದಿತ್ತು. 23 ಜೊತೆ ವಾಪಸ್ ಬಂದವು. ಕೆಲವರಿಗೆ ಹಣ ಕೊಟ್ಟೆ, ಕೆಲವರಿಗೆ ಬೇರೆ ಜೊತೆ ಕೊಟ್ಟೆ. ಕೊರಿಯರ್ ಖರ್ಚು ಸೇರಿ ಸುಮಾರು 18,000 ಹೋಯಿತು. ಆ ಸಲ ದೀಪಾವಳಿಗೆ ಮನೆಯಲ್ಲಿ ಹೊಸ ಬಟ್ಟೆ ಆಗಲಿಲ್ಲ. ಅದನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ.

ಅಂಟು ಹಿಡಿಯದಿದ್ದರೆ ಹೊಲಿಯೋಣ ಅಂದುಕೊಂಡೆ. ನೈಲಾನ್ ದಾರ, ಹೊಲಿಗೆ ಮೆಷಿನ್ನಿನವನ ಹತ್ತಿರ ಸುತ್ತಲೂ ಹಾಕಿಸಿದೆ, ಒಂದು ಜೊತೆಗೆ 30 ರೂಪಾಯಿ. ಮೈಕ್ರೋ ಶೀಟ್ ಮೆತ್ತಗಿರುತ್ತದೆ. ದಾರ ಅದನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ದುಕೊಂಡು ಒಳಗೆ ಹೋಯಿತು. ಗಟ್ಟಿ ಶೀಟಿಗೆ ಹಾಕಿಸಿದಾಗ ದಾರ ಕೆಳಗೆ ಉಬ್ಬಿ ನಿಂತು ನೆಲಕ್ಕೆ ಉಜ್ಜಿ ಉಜ್ಜಿ ಒಂದು ತಿಂಗಳಲ್ಲಿ ಸವೆಯಿತು. ಗೀರು ತೋಡಿ ದಾರ ಮುಚ್ಚಬಹುದಿತ್ತು, ಆದರೆ ಆ ತೂತುಗಳಿಂದ ನೀರು ಹತ್ತಿತು. ಹೊಲಿಗೆ ಸಾಲಿಗುಂಟ ತೊಗಲು ಕೊಳೆತು ಕಪ್ಪಾದದ್ದು ಕಣ್ಣಾರೆ ನೋಡಿದೆ.

ಮೊಳೆ ಹೊಡೆದದ್ದಂತೂ ಹೇಳಿಕೊಳ್ಳಲು ನಾಚಿಕೆ. ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದವಾದ ತೊಗಲಿಗೆ ಕಬ್ಬಿಣ ತಾಗಿ ಮೇಲೆ ನೀರು ಬಿದ್ದರೆ ಏನಾಗುತ್ತದೆ? ಮಸಿ ಆಗುತ್ತದೆ. ಹಿಂದಿನವರು ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದದ್ದೂ ಹೀಗೇ. ಹುಟ್ಟಿದಾಗಿನಿಂದ ತೊಗಲಿನ ಮನೆಯಲ್ಲಿ ಬೆಳೆದವನಿಗೆ ಅದು ಹೊಳೆಯಲಿಲ್ಲ. ಪ್ರತಿ ಮೊಳೆಗೂ ಒಂದೊಂದು ಕರಿ ಚುಕ್ಕೆ ಮೇಲೆ ಬಂತು. ಆರು ಜೊತೆಗೇ ನಿಲ್ಲಿಸಿದೆ.

ಟೈರ್ ಹಚ್ಚು ಅಂತ ಬಹಳ ಜನ ಹೇಳಿದರು. ಹೊಲಕ್ಕೆ ಹೋಗುವವರು ಟೈರಿನ ಅಟ್ಟೆ ಮೆಟ್ಟಿದ್ದಾರೆ, ಸುಳ್ಳಲ್ಲ. ನಾನೂ ಮಾಡಿದೆ. ತಂತಿ ಇಲ್ಲದ ಹಳೇ ಟೈರ್ ಹುಡುಕಿ ಪದರ ಬಿಡಿಸುವುದರಲ್ಲೇ ಕೈ ಬೊಬ್ಬೆ ಬಂತು. ಅರ್ಧ ಕೆಜಿ ಇದ್ದ ಜೊತೆ ಮುಕ್ಕಾಲು ಕೆಜಿ ದಾಟಿತು. ಟೈರ್ ಬಾಗಲಿಲ್ಲ, ಕಾಲು ಬಾಗಿತು. ಆ ಜಗ್ಗಾಟ ಎಲ್ಲಾ ಹೆಬ್ಬೆರಳು ತೂರಿಸುವ ಉಂಗುಟದ ಮೇಲೆ ಬಿದ್ದು ಉಂಗುಟ ಕಿತ್ತಿತು. ಚಪ್ಪಲಿ ಸತ್ತರೂ ಅಟ್ಟೆ ಹೊಸದರ ಹಾಗೇ ಇತ್ತು.

ಮಧ್ಯೆ ರೆಡಿಮೇಡ್ ಟಿಪಿಆರ್ ಸೋಲ್ (ಅಚ್ಚಿನಲ್ಲಿ ಕರಗಿಸಿ ಎರೆದ ರಬ್ಬರಿನಂಥ ಪ್ಲಾಸ್ಟಿಕ್ ಅಟ್ಟೆ) ತರಿಸಿ ಎಸ್‌ಆರ್‌ನಲ್ಲಿ ಅಂಟಿಸಿದ್ದೂ ಉಂಟು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ಅದಕ್ಕೆ ಬೇರೆ ಪ್ರೈಮರ್, ಪಿಯು (ಪಾಲಿಯುರೆಥೇನ್) ಅಂಟು, ಶಾಖ ಎಲ್ಲ ಬೇಕು. ನಮ್ಮ ಪಡಸಾಲೆಯ ಕೆಲಸ ಅಲ್ಲ ಅದು.

ಸರಿ, ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಒಂದು ದಿನ ಕಿತ್ತು ಬಂದ ಜೊತೆಗಳನ್ನು ಸಾಲಾಗಿ ಇಟ್ಟು ನೋಡುತ್ತಾ ಕೂತೆ. ಅಂಟು ರಬ್ಬರಿನ ಮೇಲೆ ಪೂರ್ತಿ ಇತ್ತು. ತೊಗಲಿನ ಮೇಲೆ ಏನೂ ಇಲ್ಲ, ನೆಕ್ಕಿದ ತಟ್ಟೆಯಷ್ಟು ಸ್ವಚ್ಛ. ಎರಡೇ ಎರಡು ಜೊತೆಯಲ್ಲಿ ಮಾತ್ರ ಅಂಟು ತೊಗಲಿಗೆ ಕಚ್ಚಿತ್ತು. ಆ ಎರಡರಲ್ಲಿ ಏನು ವಿಶೇಷ? ನೆನಪು ಮಾಡಿಕೊಂಡೆ. ಅವತ್ತು ಎಣ್ಣೆ ತೀರಿತ್ತು. ಎಣ್ಣೆ ಹಚ್ಚದೆಯೇ ಅಂಟಿಸಿದ್ದೆ.

ನಾವು ಏನು ಮಾಡುತ್ತೇವೆ? ತೊಗಲು ನೆನೆಸುತ್ತೇವೆ, ಕಲ್ಲಿನ ಮೇಲೆ ಬಡಿಯುತ್ತೇವೆ, ಹಸಿ ಇರುವಾಗಲೇ ಕೊಯ್ಯುತ್ತೇವೆ, ಮಿಣಿ (ತೊಗಲಿನ ದಾರ) ಹೊಲಿಯುತ್ತೇವೆ, ಹೊಳಪು ಬರಲಿ ಅಂತ ಮೇಲೆ ಕೆಳಗೆ ಎಣ್ಣೆ ಸವರುತ್ತೇವೆ. ಆಮೇಲೆ ಅದರ ಮೇಲೆ ಅಂಟು! ಒಳಗೆ ನೀರು, ಹೊರಗೆ ಎಣ್ಣೆ. ಹಿಡಿ ಅಂದರೆ ಎಲ್ಲಿಂದ ಹಿಡಿಯಬೇಕು? ಕಾಕಾನ ಗಾದೆಯಲ್ಲಿ ಅರ್ಧ ತಪ್ಪಿತ್ತು. ಜಗಳ ತೊಗಲಿಗೂ ರಬ್ಬರಿಗೂ ಅಲ್ಲ, ಎಣ್ಣೆಗೂ ಅಂಟಿಗೂ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಅಟ್ಟೆ ಕೊಯ್ದು, ಮಿಣಿ ಹೊಲಿದ ಮೇಲೆ ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಕೆನ್ನೆಗೆ ಇಟ್ಟು ನೋಡಿದರೆ ತಣ್ಣಗೆ ಅನ್ನಿಸಬಾರದು. ಆಮೇಲೆ ಅಡಿಯ ಭಾಗವನ್ನು ಉಜ್ಜುವ ಚಕ್ರದ ಗ್ರೈಂಡರಿಗೆ ಹಿಡಿದು ನಾರು ಏಳುವ ತನಕ ಕೆರೆಯುತ್ತೇನೆ, ಬೆಕ್ಕಿನ ನಾಲಿಗೆಯಷ್ಟು ತರಿ ಆಗಬೇಕು. ಸೆಕೆಂಡ್ ಹ್ಯಾಂಡ್ ಗ್ರೈಂಡರ್ 7,500ಕ್ಕೆ ಸಿಕ್ಕಿತು. ಅದಕ್ಕಿಂತ ಮುಂಚೆ ಅರ ಹಿಡಿದು ಉಜ್ಜುತ್ತಿದ್ದೆ, ಒಂದು ಜೊತೆಗೆ ಅರ್ಧ ಗಂಟೆ. ರಬ್ಬರ್ ಶೀಟಿನ ಹೊಳೆಯುವ ಮುಖವನ್ನೂ ಹೀಗೇ ಕೆರೆದು ತೆಗೆಯಬೇಕು. ಅಚ್ಚಿನಿಂದ ಬಿಡಿಸಲು ಹಾಕಿದ ಪುಡಿ-ಜಿಡ್ಡು ಅದರ ಮೇಲೆ ಇರುತ್ತದೆ. ಅದನ್ನು ಬಿಟ್ಟು ಅಂಟಿಸಿದರೆ ಪುಡಿಗೇ ಅಂಟಿಸಿದ ಹಾಗೆ.

ತೊಗಲಿಗೆ ಎರಡು ಸಲ ಬಳಿಯಬೇಕು. ಮೊದಲನೆಯದು ತೆಳ್ಳಗೆ, ಅದು ಒಳಗೆ ಇಳಿದು ರಾತ್ರಿಯೆಲ್ಲಾ ಒಣಗಲಿ. ಆ ಮೊದಲ ಬಳಿತಕ್ಕೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅದಿಲ್ಲದೆಯೂ ಕೆಲಸ ಆಗುತ್ತದೆ. ಬೆಳಗ್ಗೆ ಎರಡನೇ ಬಳಿತ, ರಬ್ಬರಿಗೆ ಒಂದು. ಬೆರಳಿನ ಹಿಂಭಾಗ ಮುಟ್ಟಿಸಿದರೆ ಅಂಟಬಾರದು, ಹತ್ತು-ಹದಿನೈದು ನಿಮಿಷ. ಮಳೆಗಾಲದಲ್ಲಿ ಈ ಹೊತ್ತಿಗೆ ಅಂಟಿನ ಮೇಲೆ ಕಣ್ಣಿಗೆ ಕಾಣದ ತೇವ ಕೂರುತ್ತದೆ, ಹಾಗಾಗಿ ಹಳೇ 100 ವ್ಯಾಟ್ ಬಲ್ಬಿನ ಕೆಳಗೆ ಹಿಡಿಯುತ್ತೇನೆ. ಕೂಡಿಸುವಾಗ ಒಂದೇ ಅವಕಾಶ, ಸರಿಸಲು ಆಗುವುದಿಲ್ಲ. ನಡುವಿನಿಂದ ಅಂಚಿನ ಕಡೆ ಬಡಿದು, ಒಂದು ದಿನ ಕಲ್ಲಿನ ಕೆಳಗೆ. ಎಣ್ಣೆ ಎರಡು ದಿನ ಬಿಟ್ಟು, ಮೇಲುಭಾಗಕ್ಕೆ ಮಾತ್ರ.

ಇಷ್ಟು ಮಾಡಿದರೂ ಮೊದಮೊದಲು ಹತ್ತರಲ್ಲಿ ಎರಡು ಬಾಯಿ ಬಿಡುತ್ತಿದ್ದವು. ಕಾರಣ ಅಂಟಲ್ಲ. ತೊಗಲು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ರಬ್ಬರಿಗೆ ಆ ಚಿಂತೆ ಇಲ್ಲ. ಇಡೀ ಅಟ್ಟೆಗೆ ರಬ್ಬರ್ ಹಚ್ಚಿದರೆ ಎರಡೂ ಎಳೆದಾಡುತ್ತವೆ, ಬೆವರೂ ಹೊರಗೆ ಹೋಗಲು ದಾರಿಯಿಲ್ಲದೆ ನಾರುತ್ತದೆ. ಅದಕ್ಕೆ ಈಗ ಎರಡು ತುಂಡು. ಮುಂದೆ ಪಾದ ಊರುವ ಜಾಗಕ್ಕೆ 3 ಎಂಎಂ ಗಟ್ಟಿ ಶೀಟ್, ಹಿಂದೆ ಹಿಮ್ಮಡಕ್ಕೆ 5 ಎಂಎಂ. ನಡುವೆ ನಾಲ್ಕು ಬೆರಳು ಬರೀ ತೊಗಲು. ತುದಿಯಲ್ಲಿ ರಬ್ಬರನ್ನು ಅಟ್ಟೆಯ ಅಂಚಿಗಿಂತ ಒಂದು ಅಕ್ಕಿಕಾಳಿನಷ್ಟು ಒಳಗೆ ನಿಲ್ಲಿಸಿ ಓರೆಯಾಗಿ ಚಿವರುತ್ತೇನೆ. ಎಡವಿದಾಗ ಕಲ್ಲು ಮೊದಲು ತೊಗಲಿಗೆ ತಾಗಬೇಕು, ರಬ್ಬರಿನ ಅಂಚಿಗಲ್ಲ. ಮುಂದಿನ ತುಂಡಿನ ಒಳಗಿನ ಅಂಚು ಪಾದ ಮಡಿಯುವ ಗೆರೆಯ ಮೇಲೆ ಬರಲೇಬಾರದು, ಅದರ ಹಿಂದಕ್ಕೆ ಇರಬೇಕು. ಮಿಣಿಯ ಉಬ್ಬನ್ನು ಹೇಗೆ ಮಟ್ಟ ಮಾಡುವುದು ಅನ್ನುವುದು ನನ್ನ ಎರಡನೇ ಗುಟ್ಟು. ಕೈ ಕೆಲಸದವರಿಗೆ ಒಂದು ಜೊತೆ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ನಡುಭಾಗ ಬಿಟ್ಟಿದ್ದರಿಂದ ಇನ್ನೊಂದು ಲಾಭ ಆಯಿತು, ಅದನ್ನು ನಾನು ಎಣಿಸಿರಲಿಲ್ಲ. ಸದ್ದು! ಇಡೀ ರಬ್ಬರ್ ಹಚ್ಚಿದ ಚಪ್ಪಲಿ ಮೂಕ. ನಮ್ಮ ಗಿರಾಕಿಗಳಲ್ಲಿ ಹಳಬರು ಅದನ್ನು ಒಪ್ಪುವುದಿಲ್ಲ. ಚಿಕ್ಕೋಡಿ ಕಡೆಯ ಒಬ್ಬ ಅಜ್ಜ ಎರಡು ಹೆಜ್ಜೆ ಹಾಕಿ ನಿಂತು, "ಏ, ಇದು ಕರ್ರಕರ್ರ ಅನ್ನವಲ್ದು, ನಾ ಬಂದೇನಂತ ಮನ್ಯಾಗ ಹ್ಯಾಂಗ ಗೊತ್ತಾಗಬೇಕು?" ಅಂದಿದ್ದ. ಪದರ ಪದರ ಉಜ್ಜಿದರೆ ತಾನೇ ಸದ್ದು. ನಡು ಬಿಟ್ಟ ಮೇಲೆ ಸದ್ದು ವಾಪಸ್ ಬಂತು, ಸ್ವಲ್ಪ ಮೆಲ್ಲಗೆ.

ಪಕ್ಕದಾರಿಯ ಪ್ರಯೋಗಗಳೂ ಇವೆ. ಎರಡು ತೊಗಲಿನ ನಡುವೆ 2 ಎಂಎಂ ಮೈಕ್ರೋ ಹಾಕಿ ಗಾದಿಯ ಹಾಗೆ ಮಾಡಿದೆ. ಮಂಡಿನೋವಿನವರು ಹೊಗಳಿದರು. ಆದರೆ ತುಳಿದು ತುಳಿದು ಮೈಕ್ರೋ ಕುಗ್ಗಿತು, ಮಿಣಿ ಸಡಿಲವಾಗಿ ಅಟ್ಟೆ ಪಟಪಟ ಅನ್ನತೊಡಗಿತು. ಕೈಬಿಟ್ಟೆ. ರಬ್ಬರ್ ಹಾಲನ್ನು ಬಣ್ಣದ ಹಾಗೆ ಅಡಿಗೆ ಬಳಿದೆ, ಮೂರು ದಿನಕ್ಕೆ ಸವೆಯಿತು. ಅದರ ವಾಸನೆ ಮಾತ್ರ ಮೂರು ವಾರ ಮನೆಯಲ್ಲಿತ್ತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂದು ಶೀಟಿನಲ್ಲಿ ಹನ್ನೆರಡು-ಹದಿಮೂರು ಜೊತೆ ಆಗುತ್ತದೆ. ರಬ್ಬರ್, ಅಂಟು, ಕರೆಂಟ್ ಸೇರಿ ಒಂದು ಜೊತೆಗೆ 45 ರೂಪಾಯಿಯ ಸುತ್ತಮುತ್ತ. ಕೈಕೆಲಸ ಇಪ್ಪತ್ತೈದು ನಿಮಿಷ. ಮೇಲೆ 250 ಜಾಸ್ತಿ ತೆಗೆದುಕೊಳ್ಳುತ್ತೇನೆ, ಗಿರಾಕಿ ಚೌಕಾಸಿ ಮಾಡುವುದಿಲ್ಲ. ಹಾಳಾದ ಮಾಲು, ಗ್ರೈಂಡರ್ ಎಲ್ಲ ಸೇರಿ ನನ್ನ ಕೈಯಿಂದ 40,000 ಹತ್ತಿರ ಹೋಗಿತ್ತು. ಅದು ಒಂದೂವರೆ ವರ್ಷದಲ್ಲಿ ವಾಪಸ್ ಬಂತು. 2025ರಲ್ಲಿ ಮಿಲಾನ್ ಷೋದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ನಮ್ಮಂಥದೇ ಚಪ್ಪಲಿ ತೋರಿಸಿ ಗಲಾಟೆ ಆಯಿತಲ್ಲ, ಆಮೇಲೆ ಕೇಳುವವರು ಹೆಚ್ಚಾದರು. ಅದರ ಪುಣ್ಯವೂ ಸ್ವಲ್ಪ ಇದೆ.

ಒಂದು ಮಾತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಬಂದ ಜಿಐ (ಊರಿನ ಹೆಸರಿನ ಗುರುತು) ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ರಬ್ಬರ್ ಹಚ್ಚಿದ್ದನ್ನು ನಾನು ಆ ಹೆಸರಿನಲ್ಲಿ ಮಾರುವುದಿಲ್ಲ. ಬೇರೆ ಚೀಟಿ, ಬೇರೆ ಡಬ್ಬಿ. ಬೆಂಗಳೂರಿನ ಒಬ್ಬ ವ್ಯಾಪಾರಿ ಎರಡನ್ನೂ ಒಂದೇ ಹೆಸರಲ್ಲಿ ಕಳಿಸು ಅಂತ ಹಟ ಹಿಡಿದ, 100 ಜೊತೆಯ ಆರ್ಡರ್. ಬಿಟ್ಟೆ. ಈ ವಿಷಯದಲ್ಲಿ ಮಾತ್ರ ಕಾಕಾ ನನ್ನ ಬೆನ್ನು ತಟ್ಟಿದರು. ರಬ್ಬರನ್ನು ಅವರು ಇನ್ನೂ ಒಪ್ಪಿಲ್ಲ.

ಈಗ ತಲೆ ತಿನ್ನುತ್ತಿರುವುದು ಹೆಂಗಸರ ತೆಳು ಚಪ್ಪಲಿ. ಅಟ್ಟೆಯೇ ಅಷ್ಟು ತೆಳ್ಳಗಿರುವಾಗ ಕೆರೆದರೆ ಉಳಿಯುವುದೇನು? 3 ಎಂಎಂ ರಬ್ಬರ್ ಹಚ್ಚಿದರೆ ಸಣ್ಣ ಕಾಲಿಗೆ ಮರದ ಪಾದುಕೆ ಕಟ್ಟಿದ ಹಾಗಾಗುತ್ತದೆ. 1.5 ಎಂಎಂ ಶೀಟ್ ಹಾಕಿ ನನ್ನ ಹೆಂಡತಿಗೆ ಒಂದು ಜೊತೆ ಮಾಡಿಕೊಟ್ಟಿದ್ದೇನೆ. ಇವತ್ತಿಗೆ ಹತ್ತೊಂಬತ್ತು ದಿನ. ಬಲಗಾಲಿನದು ಗಟ್ಟಿ ಇದೆ. ಎಡಗಾಲಿನದು ನಿನ್ನೆ ಸಂಜೆ ನೋಡಿದಾಗ ಕಿರುಬೆರಳ ಹತ್ತಿರ ಉಗುರು ಹೋಗುವಷ್ಟು ಎದ್ದಿದೆ.