ರಸೀದಿ ಪುಸ್ತಕದಿಂದ ಮತದಾರರ ಪಟ್ಟಿಯವರೆಗೆ: ನನ್ನ ಅನುಭವ

ಲಿಂಗಸುಗೂರು ತಾಲ್ಲೂಕಿನ ನಮ್ಮ ಪಕ್ಷದ ಘಟಕಕ್ಕೆ ಈ ಸಲ ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸಬೇಕೆಂಬ ಸೂಚನೆ ಬಂದಾಗ, ಮತದಾರರ ಪಟ್ಟಿ ಸಿದ್ಧಪಡಿಸುವ ಹೊಣೆಯನ್ನು ನನಗೆ ವಹಿಸಲಾಯಿತು. ನಾನು ನಿವೃತ್ತ ಶಿಕ್ಷಕ. ಸೇವೆಯಲ್ಲಿದ್ದಾಗ ಹಲವು ಬಾರಿ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದರಿಂದ ಇದು ಸುಲಭವೆಂದುಕೊಂಡಿದ್ದೆ. ಆದರೆ ಸರ್ಕಾರದ ಚುನಾವಣೆಯಲ್ಲಿ ಅಚ್ಚಾದ ಪಟ್ಟಿ ಕೈಗೆ ಬರುತ್ತಿತ್ತು. ಇಲ್ಲಿ ನನಗೆ ಸಿಕ್ಕಿದ್ದು ಒಂದು ಚೀಲ ಸದಸ್ಯತ್ವದ ರಸೀದಿ ಪುಸ್ತಕಗಳು.

ಕಾನೂನಿನ ಆಸರೆಯೂ ಹೆಚ್ಚಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪಕ್ಷಗಳ ನೋಂದಣಿಯ ಕುರಿತು ಹೇಳುತ್ತದೆಯೇ ಹೊರತು, ಪಕ್ಷದೊಳಗಿನ ಚುನಾವಣೆಯಲ್ಲಿ ಯಾರಿಗೆ ಮತವಿರಬೇಕೆಂದು ಹೇಳುವುದಿಲ್ಲ. ಅದನ್ನು ಆಯಾ ಪಕ್ಷದ ನಿಯಮಾವಳಿಯೇ ತೀರ್ಮಾನಿಸಬೇಕು. 2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆದಾಗ, ಪಾದಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಬಳ್ಳಾರಿ ಪಕ್ಕದ ಸಂಗನಕಲ್ಲಿನ ಶಿಬಿರದಲ್ಲಿಯೇ ಮತ ಹಾಕಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ದೇಶದಾದ್ಯಂತ ಅಂದು ಬಿದ್ದ ಮತಗಳು 9,385. ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರ್ ಅವರಿಗೆ 1,072, ಉಳಿದ 416 ತಿರಸ್ಕೃತ. ಅಲ್ಲಿ ಮತವಿದ್ದದ್ದು ಪ್ರದೇಶ ಸಮಿತಿಗಳ ಪ್ರತಿನಿಧಿಗಳಿಗೆ ಮಾತ್ರ, ಸಾಮಾನ್ಯ ಸದಸ್ಯರಿಗಲ್ಲ. ಸದಸ್ಯರೆಲ್ಲರಿಗೂ ಮತ ಕೊಟ್ಟರೆ ಹೆಚ್ಚು ನ್ಯಾಯವೆಂದು ನಾನೂ ನಂಬಿದವನೇ, ಆದರೆ ಸದಸ್ಯನೆಂದರೆ ಯಾರು ಎಂಬ ಪ್ರಶ್ನೆ ಅಷ್ಟು ಸರಳವಲ್ಲವೆಂದು ಆ ಚೀಲ ಬಿಚ್ಚಿದ ಮೇಲೆ ತಿಳಿಯಿತು.

ಒಂದು ಪುಸ್ತಕದ ಐವತ್ತೂ ರಸೀದಿಗಳು ಒಂದೇ ಕೈಬರಹದಲ್ಲಿದ್ದವು, ಸಹಿ ಸಹ. ಇನ್ನೊಂದರಲ್ಲಿ ಇಪ್ಪತ್ತಾರು ಹೆಸರುಗಳಿಗೆ ಒಂದೇ ಮೊಬೈಲ್ ಸಂಖ್ಯೆ. ಕರೆ ಮಾಡಿದರೆ ಆಕಾಂಕ್ಷಿಯೊಬ್ಬರ ಅಳಿಯ ಮಾತನಾಡಿದ. ಸದಸ್ಯತ್ವದ ಹಣವನ್ನು ಬೇರೆಯವರು ಕಟ್ಟಿದ್ದರೆ ತಪ್ಪೆನ್ನುವಂತಿಲ್ಲ, ಬಡ ಸದಸ್ಯನ ಪಾಲನ್ನು ಗೆಳೆಯನೊಬ್ಬ ಕೊಡಬಹುದು. ಆದರೆ ತಾನು ಸದಸ್ಯನೆಂಬುದೇ ಗೊತ್ತಿಲ್ಲದವನನ್ನು ಮತದಾರನೆನ್ನುವುದು ಹೇಗೆ? ಕಡೆಯ ದಿನಾಂಕಕ್ಕೆ ಮುಂಚಿನ ರಸೀದಿ ಇರಬೇಕು ಮತ್ತು ಸದಸ್ಯರು ಖುದ್ದಾಗಿ ಅಥವಾ ಫೋನಿನಲ್ಲಿ ಹೌದೆನ್ನಬೇಕು ಎಂದು ನಾನೇ ಒಂದು ಕಟ್ಟಳೆ ಮಾಡಿಕೊಂಡೆ.

ಎಡವಿದ್ದು ಅಲ್ಲೇ. ಫೋನ್ ಎತ್ತದವರ ಹೆಸರಿನ ಮುಂದೆ ಗೀಟು ಹಾಕುತ್ತ ಹೋದೆ. ಕರಡು ಪಟ್ಟಿಯನ್ನು ಊರೂರಿನ ಚಾವಡಿಯ ಗೋಡೆಗೆ ಅಂಟಿಸಿದ ಮರುದಿನ ತಾಂಡಾದ ಹಿರಿಯ ಮಹಿಳೆಯೊಬ್ಬರು ಮಗನ ರಸೀದಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ತೋರಿಸಿ, "ಮಾಸ್ತರ್ರ, ಗುಳೆ ಹೋದ್ರ ನನ್ನ ಮಗ ಪಕ್ಷಾನೂ ಬಿಟ್ಟಂಗೇನ್ರಿ?" ಎಂದು ಕೇಳಿದರು. ಪುಣೆಗೂ ಬೆಂಗಳೂರಿಗೂ ದುಡಿಯಲು ಹೋಗುವವರು ಅಲ್ಲಿ ಸಿಮ್ ಬದಲಿಸುತ್ತಾರೆಂಬುದು ಈ ಜಿಲ್ಲೆಯವನಾದ ನನಗೆ ಹೊಳೆಯಬೇಕಿತ್ತು. ಗುತ್ತಿಗೆ ಮೇಸ್ತ್ರಿಗಳ ಮೂಲಕ ವಿಚಾರಿಸಿ, ಮೂವತ್ತೊಂದು ಹೆಸರುಗಳನ್ನು ಮತ್ತೆ ಸೇರಿಸಿದೆ.

ಆಕ್ಷೇಪಣೆಗೆ ಐದು ದಿನ ಕೊಟ್ಟಿದ್ದೆ. ಇಬ್ಬರೂ ಅಭ್ಯರ್ಥಿಗಳಿಗೆ ಪಟ್ಟಿಯ ಪ್ರತಿಯನ್ನು ಒಂದೇ ಗಳಿಗೆಯಲ್ಲಿ ಒಂದೇ ಮೇಜಿನ ಮೇಲೆ ಕೊಟ್ಟು ಸಹಿ ಪಡೆದೆ. ಮುಂದಿನ ಜಗಳಗಳಲ್ಲಿ ಅರ್ಧದಷ್ಟು ಅಲ್ಲಿಯೇ ಮುಗಿದವು. ಮತದಾನ, ಎಣಿಕೆ ಒಂದು ಹಗಲಿನ ಕೆಲಸ, ಸದ್ದಿಲ್ಲದೆ ಆಯಿತು. ಗುಳೆ ಹೋದ ಮೂವತ್ತೊಂದು ಜನರಲ್ಲಿ ಬಂದು ಮತ ಹಾಕಿದವರು ಇಬ್ಬರೇ.

ಮುದಗಲ್ಲಿನ ಮೊಹರಂಗೆ ಗುಳೆ ಹೋದವರು ಎಲ್ಲಿದ್ದರೂ ಊರಿಗೆ ಬರುತ್ತಾರೆ. ಮುಂದಿನ ಅವಧಿಯಲ್ಲಿ ಆಕ್ಷೇಪಣೆಯ ಐದು ದಿನಗಳನ್ನೂ ಮತದಾನವನ್ನೂ ಆ ವಾರದ ಆಸುಪಾಸಿನಲ್ಲಿ ಇಡಬೇಕೆಂದು ಜಿಲ್ಲಾ ಸಮಿತಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ರಸೀದಿಗಳ ಚೀಲ ಇನ್ನೂ ನನ್ನ ಮನೆಯಲ್ಲಿಯೇ ಇದೆ.