ಮೆಥೊಡಿಸ್ಟ್ ನಂಬಿಕೆಯನ್ನು ಸಭೆಯ ಸದಸ್ಯರು ಕಲಿಯುವ ಬಗೆ: ಕ್ಲಾಸ್ ಕೂಟದಿಂದ ಆರಂಭಿಸಿ

ಬಾಲ್ಯದಲ್ಲೇ ದೀಕ್ಷಾಸ್ನಾನ ಹೊಂದಿ, ಮೂವತ್ತು ವರ್ಷಗಳಿಂದ ಒಂದೇ ಬೆಂಚಿನಲ್ಲಿ ಕುಳಿತು ಆರಾಧಿಸುತ್ತಾ ಬಂದವರಿಗೂ ‘ಮೆಥೊಡಿಸ್ಟರು ಎಂದರೆ ಯಾರು?’ ಎಂದು ಕೇಳಿದರೆ ಉತ್ತರ ತೋಚುವುದಿಲ್ಲ. ಇದನ್ನು ಸರಿಪಡಿಸಲು ನಾವು ಒಮ್ಮೆ ಇಸವಿಗಳ ಪಟ್ಟಿ ಹಂಚಿ ಪಾಠ ಆರಂಭಿಸಿದೆವು. ಮೂರನೆಯ ವಾರಕ್ಕೆ ನಾಲ್ವರು ಉಳಿದರು. ತಪ್ಪು ಬಂದವರದಲ್ಲ, ಪಾಠದ್ದು. ಈ ಪರಂಪರೆ ಬೆಳೆದದ್ದು ‘ಕ್ಲಾಸ್’ ಎಂದು ಕರೆಯಲಾಗುತ್ತಿದ್ದ ಚಿಕ್ಕ ಗುಂಪುಗಳಲ್ಲಿ. ಆದ್ದರಿಂದ ಕಲಿಕೆಯೂ ಅಲ್ಲಿಂದಲೇ ಆರಂಭವಾಗಬೇಕು.

ಆ ಗುಂಪು ಹುಟ್ಟಿದ ಕತೆಯನ್ನೇ ಮೊದಲ ವಾರ ಹೇಳಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸುವುದು ಹೇಗೆಂಬ ಚರ್ಚೆ ನಡೆದಾಗ, ಸಾಲ ತೀರುವ ತನಕ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಕ್ಯಾಪ್ಟನ್ ಫಾಯ್ ಎಂಬವರು ಸೂಚಿಸಿದರು. ಬಡವರಿಂದ ಅದಾಗದು ಎಂಬ ಮಾತು ಬಂತು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ನನಗೇ ಬಿಡಿ, ವಾರವಾರ ಅವರ ಬಳಿಗೆ ಹೋಗುತ್ತೇನೆ, ಕೊಡಲಾಗದವರ ಪಾಲನ್ನು ನಾನೇ ಹಾಕುತ್ತೇನೆ ಎಂದರು ಅವರು. ಹೀಗೆ ಹಣ ಸಂಗ್ರಹಿಸಲು ಮನೆಮನೆಗೆ ಹೋದವರಿಗೆ ಯಾರ ನಡತೆ ಹಳಿ ತಪ್ಪಿದೆ ಎಂಬುದೂ ಕಣ್ಣಿಗೆ ಬಿತ್ತು. ಸದಸ್ಯರ ಆತ್ಮಗಳನ್ನು ನೋಡಿಕೊಳ್ಳಲು ತಾನು ಹುಡುಕುತ್ತಿದ್ದ ದಾರಿ ಇದೇ ಎಂದು ಮೆಥೊಡಿಸ್ಟ್ ಚಳವಳಿಯನ್ನು ಆರಂಭಿಸಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ ಗುರುತಿಸಿದರು.

ನೀವು ಕೂಟ ಆರಂಭಿಸುವುದಾದರೆ ಹತ್ತು ಹನ್ನೆರಡು ಜನ ಸಾಕು, ಒಂದು ಗಂಟೆ ಸಾಕು. ಸಭಾಪಾಲಕರ ಒಪ್ಪಿಗೆ ಪಡೆಯಿರಿ, ಆದರೆ ನಾಯಕತ್ವವನ್ನು ಅವರ ಹೆಗಲಿಗೆ ಹೊರಿಸಬೇಡಿ. ಆರಂಭದ ಕ್ಲಾಸುಗಳನ್ನು ನಡೆಸಿದವರು ಸಾಮಾನ್ಯ ವಿಶ್ವಾಸಿಗಳು, ಅವರಲ್ಲಿ ಹೆಂಗಸರೂ ಇದ್ದರು. ಒಂದು ಕೀರ್ತನೆ ಹಾಡಿದ ಮೇಲೆ ‘ಈ ವಾರ ನಿಮ್ಮ ಆತ್ಮ ಹೇಗಿದೆ?’ ಎಂದು ಕೇಳಬೇಕು, ಮತ್ತು ನಾಯಕರೇ ಮೊದಲು ಉತ್ತರಿಸಬೇಕು. ಅಲ್ಲಿ ಆಡಿದ ಮಾತು ಹೊಸಲು ದಾಟಬಾರದು. ಇದೊಂದು ಮುರಿದರೆ ಕೂಟವೂ ಮುರಿದಂತೆಯೇ.

ಬೋಧನೆಯನ್ನು ಕೃಪೆಯ ಕ್ರಮದಲ್ಲಿ ತೆಗೆದುಕೊಳ್ಳಿ. ನಾವು ದೇವರನ್ನು ಹುಡುಕುವ ಮುಂಚೆಯೇ ಆತನು ನಮ್ಮಲ್ಲಿ ಕೆಲಸ ಆರಂಭಿಸಿರುತ್ತಾನೆ ಎಂಬುದು ಮುಂದಾಗಿ ಬರುವ ಕೃಪೆ. ‘ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ನಾವು ಪ್ರೀತಿಸುತ್ತೇವೆ’ ಎಂಬ ಯೋಹಾನನ ಮಾತನ್ನು ಇಲ್ಲಿ ಓದಿಸಬಹುದು. ನಂಬಿಕೆಯಿಂದ ನೀತಿವಂತರೆಂದು ಎಣಿಸಲ್ಪಡುವುದನ್ನು ವಿವರಿಸುವಾಗ 1738ರ ಮೇ 24ರ ಸಂಜೆಯನ್ನು ತನ್ನಿ. ಅಷ್ಟರಲ್ಲಿ ವೆಸ್ಲಿ ಅಭಿಷಿಕ್ತ ಪಾದ್ರಿಯಾಗಿ ಹತ್ತು ವರ್ಷವಾಗುತ್ತಾ ಬಂದಿತ್ತು. ಅಮೆರಿಕದ ಜಾರ್ಜಿಯಾದಲ್ಲಿ ಮಿಷನರಿ ಕೆಲಸದಲ್ಲಿ ಸೋತು ಮರಳಿದ್ದರು. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಪೀಠಿಕೆಯನ್ನು ಯಾರೋ ಓದುತ್ತಿದ್ದಾಗ, ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಅವರು ದಿನಚರಿಯಲ್ಲಿ ಬರೆದರು. ನಾಸ್ತಿಕನೊಬ್ಬ ಭಕ್ತನಾದ ಕತೆಯಂತೆ ಇದನ್ನು ಹೇಳಬೇಡಿ. ಶ್ರಮಪಟ್ಟು ಭಕ್ತಿ ಮಾಡುತ್ತಿದ್ದವನಿಗೆ ಕ್ಷಮೆಯ ಭರವಸೆ ಸಿಕ್ಕ ಕತೆಯಿದು.

ಹೆಚ್ಚು ಸಮಯ ಬೇಕಾಗುವುದು ಪವಿತ್ರೀಕರಣಕ್ಕೆ, ಅಂದರೆ ವಿಶ್ವಾಸಿಯ ಹೃದಯವೂ ಬದುಕೂ ಪವಿತ್ರವಾಗುತ್ತಾ ಹೋಗುವುದಕ್ಕೆ. ‘ಕ್ರೈಸ್ತ ಪರಿಪೂರ್ಣತೆ’ ಎಂದೊಡನೆ ಯಾರಾದರೂ ‘ತಪ್ಪೇ ಮಾಡದವರುಂಟೇ?’ ಎಂದು ಕೇಳಿಯೇ ಕೇಳುತ್ತಾರೆ. ಅಜ್ಞಾನದಿಂದಲೋ ಮರೆವಿನಿಂದಲೋ ಆಗುವ ತಪ್ಪುಗಳಿಂದ ಯಾರೂ ಈ ಲೋಕದಲ್ಲಿ ಪಾರಾಗುವುದಿಲ್ಲವೆಂದು ವೆಸ್ಲಿಯೇ ಒಪ್ಪಿದ್ದರು. ದೇವರ ಮತ್ತು ನೆರೆಯವರ ಮೇಲಿನ ಪ್ರೀತಿ ಹೃದಯವನ್ನು ತುಂಬುವುದೇ ಅವರು ಹೇಳಿದ ಪರಿಪೂರ್ಣತೆ. ನಡತೆಗೆ ವೆಸ್ಲಿ ಸದಸ್ಯರಿಗಾಗಿ ಹೊರಡಿಸಿದ 1743ರ ‘ಸಾಮಾನ್ಯ ನಿಯಮಗಳು’ ಇವೆ: ಕೇಡು ಮಾಡದಿರುವುದು, ಒಳಿತು ಮಾಡುವುದು, ಆರಾಧನೆ, ಕರ್ತನ ಭೋಜನ, ವೇದಪಾರಾಯಣ, ಉಪವಾಸಗಳಂಥ ದೇವರ ವಿಧಿಗಳನ್ನು ಪಾಲಿಸುವುದು. ಸುಂಕ ಕಟ್ಟದ ಸರಕನ್ನು ಕೊಳ್ಳುವುದೂ ಅಲ್ಲಿ ನಿಷಿದ್ಧ. ಬಿಲ್ಲಿಲ್ಲದೆ ವ್ಯಾಪಾರ ಮಾಡುವವರು ಕೂಟದಲ್ಲಿದ್ದರೆ ಆ ದಿನದ ಚರ್ಚೆಗೆ ಬೇರೆ ವಿಷಯ ಬೇಕಾಗದು.

ಕರ್ನಾಟಕದವರು ತಮ್ಮ ಸಭೆ ಯಾವ ಕವಲಿಗೆ ಸೇರಿದ್ದೆಂದು ತಿಳಿದುಕೊಳ್ಳುವುದು ಒಳ್ಳೆಯದು. ಮೈಸೂರು ಸೀಮೆಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಸಿಎಸ್‌ಐಯೊಳಗೆ, ಸೇರಿಕೊಂಡವು. ಬೀದರ್, ಕೋಲಾರ, ಬೆಳಗಾವಿಯ ಕಡೆ ಅಮೆರಿಕದ ಮೆಥೊಡಿಸ್ಟರ ಕೆಲಸದಿಂದ ಬೆಳೆದ ಸಭೆಗಳು 1981ರಲ್ಲಿ ಸ್ವಾಯತ್ತವಾದ ಭಾರತೀಯ ಮೆಥೊಡಿಸ್ಟ್ ಸಭೆಯಲ್ಲಿವೆ. ಹೆಸರಿನಲ್ಲಿ ಮೆಥೊಡಿಸ್ಟ್ ಇಲ್ಲದಿದ್ದರೂ ವೆಸ್ಲಿಯ ಬಳುವಳಿ ಸಿಎಸ್‌ಐ ಸೇರಿದ ಆ ಸಭೆಗಳಿಗೂ ಸೇರಿದ್ದೇ. ಪಾಲಕರ ಅನುಮತಿ ಪಡೆದು ಹಳೆಯ ದೀಕ್ಷಾಸ್ನಾನದ, ಮದುವೆಯ ದಾಖಲೆ ಪುಸ್ತಕಗಳನ್ನು ನೋಡಿದರೆ ನಿಮ್ಮದು ಯಾವುದೆಂಬ ಸುಳಿವು ಸಿಗಬಹುದು.

ಕೊನೆಯಲ್ಲಿ ಕಾಣಿಕೆ ಡಬ್ಬಿಯೊಂದನ್ನು ಸುತ್ತ ಕಳಿಸಿ. ಮೊತ್ತ ಎಷ್ಟಾದರೂ ಸರಿ, ಕೊಡಲಾಗದವರನ್ನು ಕೇಳಬೇಡಿ. ಆ ವಾರ ಬಾರದವರ ಹೆಸರು ಬರೆದುಕೊಂಡು, ಮುಂದಿನ ಕೂಟದೊಳಗೆ ಅವರ ಮನೆಗೆ ಯಾರು ಹೋಗುತ್ತಾರೆಂದು ಏಳುವ ಮುಂಚೆಯೇ ನಿಶ್ಚಯಿಸಿ.